ಜತನ: ಪುಣೆಯ ಉಗ್ರಾಣದಲ್ಲಿ ನನ್ನ ಮೊದಲ ವರ್ಷಗಳು

ಕಳೆದ ನವೆಂಬರ್‌ನಲ್ಲಿ ಪುಣೆಯ ನಮ್ಮ ಕನ್ನಡ ಬಳಗದವರು ರಾಜ್ಯೋತ್ಸವಕ್ಕೆಂದು ಸೇರಿದ್ದಾಗ, ಬಾಗಲಕೋಟೆ ಕಡೆಯ ಒಬ್ಬ ತಾಯಿ ತಮ್ಮ ಮಗಳನ್ನು ನನ್ನ ಪಕ್ಕದಲ್ಲಿ ಕೂರಿಸಿ, ‘ಈಕಿಗೆ ಮ್ಯೂಸಿಯಂನಾಗ ಕೆಲಸ ಮಾಡೋ ಆಸೆ ಐತ್ರಿ. ಅಲ್ಲಿ ಏನ್ ಕೆಲಸ ಇರ್ತದ, ಎಲ್ಲಿಂದ ಸುರು ಮಾಡಬೇಕು, ಸ್ವಲ್ಪ ಹೇಳ್ರಿ’ ಎಂದು ಕೇಳಿದರು. ಹುಡುಗಿ ಧಾರವಾಡದಲ್ಲಿ ಇತಿಹಾಸದ ಬಿ.ಎ. ಮುಗಿಸಿದ್ದಳು. ಅಷ್ಟರಲ್ಲಿ ಊಟಕ್ಕೆ ಕರೆ ಬಂದಿದ್ದರಿಂದ, ಮೊದಲು ಉಗ್ರಾಣಕ್ಕೆ ಹೋಗು, ಪ್ರದರ್ಶನದ ಕೋಣೆಗೆ ಆಮೇಲೆ ಬಾ ಎಂಬ ಒಂದೇ ಮಾತನ್ನು ಹೇಳಿ ಎದ್ದೆ. ಆ ಮಾತು ಅವಳಿಗೆ ಅರ್ಥವಾದಂತೆ ಕಾಣಲಿಲ್ಲ. ಅದನ್ನು ಬಿಡಿಸಿ ಹೇಳಬೇಕೆಂದು ಅಂದಿನಿಂದಲೂ ಅನ್ನಿಸುತ್ತಿದ್ದುದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ವಿಜಯಪುರದವಳು. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ 1892ರಿಂದ ಇರುವ ವಸ್ತುಸಂಗ್ರಹಾಲಯವನ್ನು ಶಾಲೆಯ ದಿನಗಳಲ್ಲಿ ಎಷ್ಟು ಸಲ ನೋಡಿದ್ದೇನೆಂದರೆ, ಅಲ್ಲಿನ ಕಲ್ಲುಗಳು ನನಗೆ ನೆರೆಮನೆಯ ಹಿರಿಯರಷ್ಟೇ ಪರಿಚಿತ. ಮುಂದೆ ಪುಣೆಯ ಡೆಕ್ಕನ್ ಕಾಲೇಜಿಗೆ ಪುರಾತತ್ವದ ಎಂ.ಎ. ಓದಲು ಬಂದೆ. ಯಾದಗಿರಿ ಜಿಲ್ಲೆಯ ಹುಣಸಗಿ, ಇಸಾಂಪುರದ ಸುತ್ತ ಹಳೆಯ ಶಿಲಾಯುಗದ ನೆಲೆಗಳನ್ನು ಶೋಧಿಸಿ ಜಗತ್ತಿನ ಗಮನಕ್ಕೆ ತಂದ ಪ್ರೊ. ಕೆ. ಪದ್ದಯ್ಯ ಅವರು ಅದೇ ಸಂಸ್ಥೆಯವರು ಎಂಬುದನ್ನು ಅಲ್ಲಿಗೆ ಬಂದ ಮೇಲೆ ತಿಳಿದು, ನಮ್ಮ ನಾಡಿನ ನೆಲವನ್ನು ಓದುವುದಕ್ಕೆ ಭೀಮೆಯನ್ನು ದಾಟಿ ಬರಬೇಕಾಯಿತಲ್ಲ ಎಂದುಕೊಂಡಿದ್ದೆ. ಆ ವರ್ಷವೇ ಗೆಳತಿಯರೊಡನೆ ಮುಂಬಯಿಗೆ ಹೋಗಿ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದ ಎದುರು ನಿಂತಾಗ, 1905ರಲ್ಲಿ ಅಡಿಗಲ್ಲು ಹಾಕಿ 1922ರಲ್ಲಿ ಸಾರ್ವಜನಿಕರಿಗೆ ತೆರೆದ ಆ ಕಟ್ಟಡದ ಗುಮ್ಮಟಕ್ಕೆ ವಾಸ್ತುಶಿಲ್ಪಿ ಜಾರ್ಜ್ ವಿಟೆಟ್ ನಮ್ಮ ಗೋಳಗುಮ್ಮಟವನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದನೆಂದು ಕೇಳಿ ಕಣ್ಣು ತುಂಬಿತು. ಒಳಗೆ ಐಹೊಳೆಯ ಗುಡಿಯೊಂದರ ಮಾಳಿಗೆಯಿಂದ ಬಂದ ಬ್ರಹ್ಮನ ಫಲಕದ ಎದುರು ಬಹಳ ಹೊತ್ತು ನಿಂತಿದ್ದೆ. ಒಂದು ವಸ್ತು ತನ್ನ ಊರನ್ನು ಬಿಟ್ಟು ಇಷ್ಟು ದೂರ ಬಂದ ಮೇಲೂ ಅದು ಐಹೊಳೆಯದೇ ಎಂದು ನಮಗೆ ಹೇಗೆ ಗೊತ್ತಾಗುತ್ತದೆ, ಯಾರು ಅದನ್ನು ಬರೆದಿಟ್ಟರು ಎಂಬ ಪ್ರಶ್ನೆ ಅಂದೇ ಹುಟ್ಟಿತೆಂದು ಹೇಳಲಾರೆ. ಆದರೆ ಮುಂದಿನ ನನ್ನ ಕೆಲಸವೆಲ್ಲ ಆ ಪ್ರಶ್ನೆಯ ಸುತ್ತಲೇ ನಡೆಯಿತು.

ಪ್ರೇಕ್ಷಕರು ನೋಡುವುದು ಒಂದು ಸಂಗ್ರಹದ ಸಣ್ಣ ಭಾಗವನ್ನು ಮಾತ್ರ. ಪುಣೆಯ ಬಾಜೀರಾವ್ ರಸ್ತೆಯ ರಾಜಾ ದಿನಕರ ಕೇಳಕರ್ ಸಂಗ್ರಹಾಲಯದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಸ್ತುಗಳಿದ್ದು, ಕೋಣೆಗಳಲ್ಲಿ ಕಾಣಸಿಗುವುದು ಸುಮಾರು 2,500. ದಿನಕರ ಗಂಗಾಧರ ಕೇಳಕರ್ ಅವರು ಚಿಕ್ಕಂದಿನಲ್ಲೇ ತೀರಿಹೋದ ತಮ್ಮ ಮಗ ರಾಜಾನ ನೆನಪಿಗಾಗಿ, ಪತ್ನಿ ಕಮಲಾಬಾಯಿಯವರ ನೆರವಿನಿಂದ, ಊರೂರು ಸುತ್ತಿ ದೀಪ, ಬೀಗ, ಅಡಕೊತ್ತು, ಬಾಗಿಲವಾಡ, ವಾದ್ಯಗಳನ್ನು ಕೂಡಿಹಾಕಿ, 1975ರಲ್ಲಿ ಎಲ್ಲವನ್ನೂ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಆ ಅಡಕೊತ್ತುಗಳ ಮುಂದೆ ನಿಂತಾಗ ನನಗೆ ನಮ್ಮ ಅಜ್ಜಿಯ ಸಂಚಿ ನೆನಪಾಗುತ್ತದೆ. ಮರಾಠಿಯವರು ಅದನ್ನು ‘ಅಡಕಿತ್ತಾ’ ಎನ್ನುತ್ತಾರೆ. ಅದು ನಮ್ಮ ಅಡಕೊತ್ತಿನಿಂದಲೇ ಹೋದ ಪದ. ಒಳಗೆ ಉಳಿದ ಬಹುಪಾಲು ವಸ್ತುಗಳು ಕಪಾಟಿನಲ್ಲಿ, ಪೆಟ್ಟಿಗೆಯಲ್ಲಿ, ಹೆಸರು ಮತ್ತು ಸಂಖ್ಯೆಯ ಬಲದಿಂದಲೇ ಬದುಕಿರುತ್ತವೆ. ಇದು ಜಗತ್ತಿನ ಎಲ್ಲ ದೊಡ್ಡ ಸಂಗ್ರಹಾಲಯಗಳ ಮಾತೂ ಹೌದು. ಈ ಕ್ಷೇತ್ರಕ್ಕೆ ಬರುವ ಹೊಸಬರ ಕೆಲಸ ಬಹುಪಾಲು ನಡೆಯುವುದು ಆ ಕಾಣದ ಕಡೆಯಲ್ಲಿ, ಉಗ್ರಾಣದಲ್ಲಿಯೇ.

ನಾನು ಮೊದಲು ಸೇರಿದ್ದು ನಗರದ ಹಳೆಯ ಪೇಠೆಯೊಂದರಲ್ಲಿ ಒಂದು ಕುಟುಂಬದ ವಿಶ್ವಸ್ತ ಮಂಡಳಿ ನಡೆಸುತ್ತಿದ್ದ ಸಂಗ್ರಹಕ್ಕೆ. ವೇತನವಿರಲಿಲ್ಲ, ಬಸ್ಸಿನ ಖರ್ಚನ್ನು ಮಾತ್ರ ಕೊಡುತ್ತಿದ್ದರು, ಅದೂ ಕೆಲವು ತಿಂಗಳು ಬರಲಿಲ್ಲ. ‘ಅನುಭವ ಸಿಗುತ್ತದೆ’ ಎಂಬ ಮಾತಿನ ಮೇಲೆ ಹನ್ನೊಂದು ತಿಂಗಳು ದುಡಿದೆ. ಕಲಿತದ್ದು ಬಹಳ, ಅದನ್ನು ಮರೆಯುವುದಿಲ್ಲ. ಆದರೆ ಮನೆಯಿಂದ ಹಣ ತರಿಸಿಕೊಳ್ಳಬಲ್ಲವರು ಮಾತ್ರ ಈ ವೃತ್ತಿಗೆ ಬರುವಂತಾದರೆ ರೈತರ, ನೇಕಾರರ, ಕಂಚುಗಾರರ ಮಕ್ಕಳು ತಮ್ಮ ಹಿರಿಯರು ಮಾಡಿದ ವಸ್ತುಗಳ ಬಳಿಗೆ ಎಂದಿಗೂ ಬರಲಾರರು ಎಂದು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ಇಂದು ನಾನು ಯಾರಿಗಾದರೂ ತರಬೇತಿಯ ಕೆಲಸ ಕೊಡಿಸುವಾಗ ಮೊದಲು ಕೇಳುವ ಪ್ರಶ್ನೆ ಗೌರವಧನದ್ದೇ.

ಅಲ್ಲಿ ನನ್ನ ಕೈಗೆ ಬಂದದ್ದು ಒಂದು ದಾಖಲೆ ಪುಸ್ತಕ. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆಗಳು, ಮೂರು ಬೇರೆ ಬೇರೆ ಕೈಬರಹ. ಸಂಗ್ರಹಕ್ಕೆ ಬಂದ ಪ್ರತಿಯೊಂದು ವಸ್ತುವೂ ಬಂದ ದಿನವೇ ಅದರಲ್ಲಿ ಒಂದು ಸಾಲನ್ನು ಪಡೆಯಬೇಕು: ಸಂಖ್ಯೆ, ಹೆಸರು, ಏನಿಂದ ಮಾಡಿದ್ದು, ಅಳತೆ, ಎಲ್ಲಿಂದ ಬಂತು, ಯಾರು ಕೊಟ್ಟರು, ದಾನವೋ ಖರೀದಿಯೋ, ಈಗ ಯಾವ ಕಪಾಟಿನಲ್ಲಿದೆ. ಅನೇಕ ಕಡೆ ಸಂಖ್ಯೆಯನ್ನು ಮೂರು ಭಾಗವಾಗಿ ಬರೆಯುತ್ತಾರೆ, ವಸ್ತು ಬಂದ ವರ್ಷ, ಆ ವರ್ಷದ ಎಷ್ಟನೆಯ ಬರುವಿಕೆ, ಆ ಬರುವಿಕೆಯಲ್ಲಿ ಎಷ್ಟನೆಯ ವಸ್ತು ಎಂಬಂತೆ. ಹೀಗೆ ಬರೆದಾಗ ಒಂದೇ ಮನೆಯಿಂದ ಒಂದೇ ದಿನ ಬಂದ ತೊಟ್ಟಿಲು, ಹಂಡೆ, ಒರಳು ಮೂರು ಬೇರೆ ಕೋಣೆಗಳಿಗೆ ಹೋದರೂ ಅವು ಒಂದೇ ಮನೆಯವು ಎಂಬ ಸಂಬಂಧ ಕಡಿಯುವುದಿಲ್ಲ. ನಮ್ಮ ಪುಸ್ತಕದಲ್ಲಿ ಅಂಥ ಕ್ರಮವಿರಲಿಲ್ಲ. ‘ಹಿತ್ತಾಳೆ ಪಾತ್ರೆ, ಒಂದು’ ಎಂಬ ಸಾಲು ನಲವತ್ತಕ್ಕೂ ಹೆಚ್ಚು ಸಲ ಬಂದಿತ್ತು. ಕಪಾಟಿನಲ್ಲಿ ಹಿತ್ತಾಳೆಯ ಪಾತ್ರೆಗಳು ಎಪ್ಪತ್ತರ ಹತ್ತಿರ ಇದ್ದವು. ಯಾವ ಪಾತ್ರೆ ಯಾವ ಸಾಲಿನದು ಎಂದು ಹೇಳಬಲ್ಲವರು ಯಾರೂ ಉಳಿದಿರಲಿಲ್ಲ.

ಸಂಖ್ಯೆಯನ್ನು ವಸ್ತುವಿನ ಮೇಲೆ ಬರೆಯುವುದೂ ಒಂದು ವಿದ್ಯೆ ಎಂದು ನನಗೆ ಗೊತ್ತಿರಲಿಲ್ಲ. ಲೋಹದ, ಮಣ್ಣಿನ ವಸ್ತುಗಳ ಮೇಲೆ ಎದ್ದು ಕಾಣದ ಜಾಗವೊಂದನ್ನು ಹುಡುಕಿ, ಅಸಿಟೋನಿನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳವನ್ನು ಬೆರಳಿನ ಉಗುರಿನಷ್ಟು ಅಗಲ ತೆಳ್ಳಗೆ ಹಚ್ಚಿ, ಅದು ಒಣಗಿದ ಮೇಲೆ ಅದರ ಮೇಲೆ ಶಾಯಿಯಿಂದ ಸಂಖ್ಯೆ ಬರೆದು, ಮತ್ತೆ ಮೇಲೊಂದು ಪದರ ಕೊಡಬೇಕು. ಶಾಯಿ ವಸ್ತುವನ್ನು ಮುಟ್ಟುವುದಿಲ್ಲ, ಉಜ್ಜಿದರೆ ಅಳಿಯುವುದೂ ಇಲ್ಲ, ಮುಂದೊಂದು ದಿನ ತೆಗೆಯಬೇಕಾದರೆ ಅದೇ ಅಸಿಟೋನಿನಿಂದ ಕಲೆ ಉಳಿಯದಂತೆ ತೆಗೆಯಬಹುದು. ಬಟ್ಟೆಗೆ ಅಂಟು, ಶಾಯಿ ಎರಡೂ ಸಲ್ಲ. ಹತ್ತಿಯ ಪಟ್ಟಿಯ ಮೇಲೆ ಸಂಖ್ಯೆ ಬರೆದು, ನೇಯ್ಗೆಯ ಎಳೆಗಳ ನಡುವೆ ಸೂಜಿ ಹಾಯುವಂತೆ ಎರಡೇ ಹೊಲಿಗೆಯಿಂದ ಹಿಡಿಸಬೇಕು. ಕಾಗದಕ್ಕೆ ಮೆತ್ತನೆಯ ಪೆನ್ಸಿಲ್. ನಾಣ್ಯದ ಮೇಲಂತೂ ಏನನ್ನೂ ಬರೆಯಬಾರದು, ಅದರ ಲಕೋಟೆಯ ಮೇಲೆ ಬರೆಯಬೇಕು. ಮಾಡಿದ್ದನ್ನು ಮುಂದಿನವರು ಬಿಚ್ಚಿ ನೋಡಲು ಆಗುವಂತೆಯೇ ಮಾಡಬೇಕು ಎಂಬ ಒಂದೇ ನಿಯಮವನ್ನು ಅಲ್ಲಿ ನನಗೆ ಕಲಿಸಿದ ಹಿರಿಯ ಸಂರಕ್ಷಕಿ ಪ್ರತಿದಿನ ಹೇಳುತ್ತಿದ್ದರು.

ಆ ನಿಯಮವನ್ನು ನಾನು ಮುರಿದ ದಿನವನ್ನು ಹೇಳಲೇಬೇಕು. ಅವರು ರಜೆಯಲ್ಲಿದ್ದರು. ಮರುದಿನ ಯಾರೋ ಅತಿಥಿಗಳು ಬರುವವರಿದ್ದುದರಿಂದ ಹಿತ್ತಾಳೆಯ ಸಾಮಾನುಗಳನ್ನು ಸ್ವಲ್ಪ ಸ್ವಚ್ಛ ಮಾಡಿಡು ಎಂದು ಕಚೇರಿಯಿಂದ ಸೂಚನೆ ಬಂತು. ನಮ್ಮ ಮನೆಯಲ್ಲಿ ಹಬ್ಬದ ಮುಂದೆ ಮಾಡುವುದನ್ನೇ ನಾನು ಮಾಡಿದೆ: ಹುಣಸೆಹಣ್ಣನ್ನು ನೆನೆಸಿ, ಕಿವುಚಿ, ತಿಕ್ಕಿದೆ. ಅವುಗಳಲ್ಲಿ ಒಂದು ಕಾಳು ಅಳೆಯುವ ಸೇರು. ಅಡಿಯಲ್ಲಿ ಕಂದುಬಣ್ಣಕ್ಕೆ ತಿರುಗಿದ ಚೀಟಿಯೊಂದು ಅಂಟಿತ್ತು, ಎರಡು ಬೆರಳು ಅಗಲದ್ದು, ಅಂಚುಗಳನ್ನು ಹುಳ ತಿಂದಿತ್ತು, ಮೇಲೆ ಮೋಡಿಯ, ಅಂದರೆ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಲಿಪಿಯ, ಎರಡು ಸಾಲುಗಳಿದ್ದವು. ಆಗ ನನಗೆ ಮೋಡಿ ಓದಲು ಬರುತ್ತಿರಲಿಲ್ಲ. ನೀರು ತಾಕಿದ ಕೂಡಲೇ ಚೀಟಿ ಉಬ್ಬಿತು, ಎರಡನೆಯ ಸಲ ಕೈಯಾಡಿಸುವಷ್ಟರಲ್ಲಿ ನಾರುನಾರಾಗಿ ಬೆರಳಿಗೆ ಮೆತ್ತಿಕೊಂಡು, ಅಕ್ಷರಗಳ ಶಾಯಿ ಹುಣಸೆಯ ನೀರಿನಲ್ಲಿ ಸೇರಿಹೋಯಿತು. ಸೇರು ಬಂಗಾರದಂತೆ ಹೊಳೆಯುತ್ತಿತ್ತು. ನನಗೆ ಸಂತೋಷವೇ ಆಗಿತ್ತು.

ಹಿರಿಯರು ಬಂದು ನೋಡಿದರು. ಬೈಯಲಿಲ್ಲ. ಸೇರನ್ನು ಬೋರಲು ಹಾಕಿ, ಚೀಟಿ ಇದ್ದ ಜಾಗದಲ್ಲಿ ಉಳಿದಿದ್ದ ಚೌಕಾಕಾರದ ಕಲೆಯನ್ನು ತೋರಿಸಿ, ‘ಇದು ಯಾವ ಊರಿನ ಸೇರು, ಈಗ ಹೇಳು’ ಎಂದರು. ಹಳೆಯ ಅಳತೆಗಳು ಊರಿಂದ ಊರಿಗೆ ಬದಲಾಗುತ್ತಿದ್ದವು. ಒಂದು ಪೇಟೆಯ ಸೇರು ಇನ್ನೊಂದು ಪೇಟೆಯ ಸೇರಿಗೆ ಸಮವಾಗಿರುತ್ತಿರಲಿಲ್ಲ. ಆ ಸೇರು ಎಷ್ಟು ಕಾಳು ಹಿಡಿಯುತ್ತದೆಂದು ಇಂದಿಗೂ ಅಳೆದು ಹೇಳಬಹುದು, ಆದರೆ ಅದು ಯಾವ ಊರಿನ ಲೆಕ್ಕ ಎಂಬುದು ಗೊತ್ತಿಲ್ಲದೆ ಆ ಅಳತೆಯಿಂದ ಏನನ್ನೂ ತಿಳಿಯಲು ಬಾರದು. ಹುಣಸೆಯ ಹುಳಿ ಲೋಹದ ಮೇಲೆ ಕಾಲಾಂತರದಲ್ಲಿ ಕೂತ ಪದರವನ್ನು ತಿಂದು, ಪ್ರತಿಸಲವೂ ಅಷ್ಟಷ್ಟು ಲೋಹವನ್ನೂ ಒಯ್ಯುತ್ತದೆ ಎಂಬುದು ಎರಡನೆಯ ನಷ್ಟ. ಮೊದಲನೆಯದರ ಮುಂದೆ ಅದು ಸಣ್ಣದು. ಆ ಮಳೆಗಾಲದಲ್ಲೇ ನಾನು ಮೋಡಿ ಕಲಿಯಲು ಸೇರಿದೆ. ಪುಣೆಯಲ್ಲಿ ಅದನ್ನು ಕಲಿಸುವವರು ಸುಲಭವಾಗಿ ಸಿಗುತ್ತಾರೆ. ಪೇಶ್ವೆಗಳ ಕಾಲದ ಲೆಕ್ಕಪತ್ರಗಳೆಲ್ಲ ಆ ಲಿಪಿಯಲ್ಲೇ ಇರುವುದರಿಂದ ಈ ಊರಿನಲ್ಲಿ ಸಂಗ್ರಹದ ಕೆಲಸ ಮಾಡುವವರಿಗೆ ಅದಿಲ್ಲದೆ ಕೈ ಕಟ್ಟಿದಂತೆಯೇ.

ಇನ್ನೊಂದು ವಸ್ತುವಿನ ಕಥೆ ಬೇರೆ ಬಗೆಯದು. ಮರದ ಪೆಟ್ಟಿಗೆಯೊಂದರಲ್ಲಿ ಮಡಿಸಿಟ್ಟ ಸೀರೆಗಳಿದ್ದವು. ಪುಸ್ತಕದಲ್ಲಿ ‘ಜುನೇ ಲುಗಡೆ, ಆರು’ ಎಂದಷ್ಟೇ ಇತ್ತು, ಹಳೆಯ ಸೀರೆಗಳು ಎಂದು ಅರ್ಥ. ಮೂರನೆಯದನ್ನು ಎರಡು ಕೈಯಲ್ಲಿ ಹಿಡಿದು ಮೇಜಿನ ಮೇಲೆ ಬಿಚ್ಚಿದಾಗ ನನ್ನ ಕೈ ನಿಂತಿತು. ಮೈ ಗಾಢ ನೀಲಿಯ ಹತ್ತಿ, ಸೆರಗು ಕೆಂಪು ರೇಷ್ಮೆ, ಕೆಂಪಿನ ನಡುವೆ ಬಿಳಿಯ ಬಾಚಣಿಗೆಯ ಹಲ್ಲಿನಂಥ ಸಾಲುಗಳು. ಇಳಕಲ್ಲಿನ ತೋಪು ತೆನೆಯ ಸೆರಗು. ಮರಾಠಿಯಲ್ಲಿ ಇದನ್ನು ‘ಇರಕಲ್’ ಎನ್ನುತ್ತಾರೆ, ಪುಣೆಯ ಹಳೆಯ ಮನೆಗಳಲ್ಲಿ ಇಂಥವು ಇರುವುದು ಆಶ್ಚರ್ಯವಲ್ಲ; ಆದರೆ ಗೊತ್ತೆಂದು ಬರೆಯುವುದು ಬೇರೆ, ಖಚಿತಪಡಿಸಿಕೊಂಡು ಬರೆಯುವುದು ಬೇರೆ. ಭೂತಗನ್ನಡಿ ಹಿಡಿದು ಸೆರಗು ಮೈಯನ್ನು ಸೇರುವ ಗೆರೆಯನ್ನು ನೋಡಿದೆ. ಮೈಯ ಹತ್ತಿಯ ಹಾಸಿನ ಎಳೆಗಳು ಅಲ್ಲಿ ಮುಗಿದು, ಸೆರಗಿನ ರೇಷ್ಮೆಯ ಹಾಸಿನ ಎಳೆಗಳನ್ನು ಒಂದೊಂದು ಕುಣಿಕೆಯಿಂದ ಹಿಡಿದುಕೊಂಡಿದ್ದವು. ನಮ್ಮ ಕಡೆಯ ನೇಕಾರರು ಇದನ್ನೇ ಕೊಂಡಿ ಎನ್ನುತ್ತಾರೆ. ಎರಡು ಬೇರೆ ಹಾಸುಗಳನ್ನು ಮಗ್ಗದ ಮೇಲೆಯೇ ಹೀಗೆ ಕೊಂಡಿ ಹಾಕಿ ಕೂಡಿಸುವುದೇ ಇಳಕಲ್ಲಿನ ಗುರುತು. ಅದೇ ಸೀರೆಯ ಸೆರಗಿನ ಅಂಚಿನಲ್ಲಿ ಕಸೂತಿಯೂ ಇತ್ತು, ಒಂದು ಗೋಪುರ, ಎರಡು ನವಿಲು. ಹಿಂದು ಮುಂದು ಎರಡೂ ಕಡೆ ಒಂದೇ ಥರ ಕಾಣುವ ಗವಂತಿ ಹೊಲಿಗೆ. ಯಾವ ಹೆಣ್ಣುಮಗಳೋ ಗಂಟು ಕಾಣದಂತೆ ಹಾಕಿದ ಆ ಎಳೆಗಳನ್ನು ನೋಡುತ್ತ ಬಹಳ ಹೊತ್ತು ಏನನ್ನೂ ಬರೆಯಲಾಗಲಿಲ್ಲ.

ಆಮೇಲೆ ಬರೆದೆ. ಸ್ಥಿತಿ ವರದಿಯಲ್ಲಿ ‘ಚೆನ್ನಾಗಿದೆ’, ‘ಹಾಳಾಗಿದೆ’ ಎಂಬ ಮಾತುಗಳಿಗೆ ಜಾಗವಿಲ್ಲ. ಬಲ ಅಂಚಿನಿಂದ ಎಷ್ಟು ಸೆಂಟಿಮೀಟರಿನಲ್ಲಿ, ಎಷ್ಟು ಉದ್ದದ ಸೀಳು, ಹಾಸಿನ ಎಳೆ ಹೋಗಿದೆಯೋ ಹೊಕ್ಕಿನದೋ, ಕಲೆಯ ಬಣ್ಣ ಯಾವುದು, ಅಂಚು ಮೆತ್ತಗಿದೆಯೋ ಬಿರುಸಾಗಿದೆಯೋ ಎಂಬುದನ್ನು, ಇಪ್ಪತ್ತು ವರ್ಷಗಳ ನಂತರ ನನ್ನನ್ನು ನೋಡಿರದ ಒಬ್ಬರು ಓದಿ, ಸೀಳು ಅಂದಿಗಿಂತ ಬೆಳೆದಿದೆಯೇ ಎಂದು ಹೇಳುವಂತೆ ಬರೆಯಬೇಕು. ಆ ಸೀರೆಯ ರೇಷ್ಮೆ ಸರಿಯಾಗಿ ಮಡಿಕೆಯ ಗೆರೆಗಳಲ್ಲೇ ಸೀಳಿತ್ತು. ದಶಕಗಳ ಕಾಲ ಒಂದೇ ಮಡಿಕೆಯಲ್ಲಿ ಇಟ್ಟದ್ದರ ಫಲ. ಹತ್ತಿಯ ಮೈಗೆ ಹೆಚ್ಚು ಪೆಟ್ಟಾಗಿರಲಿಲ್ಲ. ಅದನ್ನು ಆಮ್ಲವಿಲ್ಲದ ಕಾಗದ ಸುತ್ತಿದ ದಪ್ಪ ಕೊಳವೆಯ ಮೇಲೆ ಸುರುಳಿ ಸುತ್ತಿ, ಮೇಲೆ ತೊಳೆದ ಬಿಳುಪು ಮಾಡದ ಮಸ್ಲಿನ್ ಬಟ್ಟೆ ಹೊದಿಸಿ ಇಟ್ಟೆವು. ಒಂದು ಸೀರೆಗೆ ಎರಡು ದಿನ ಹಿಡಿಯಿತು. ಆರಕ್ಕೆ ಹದಿನೈದು ದಿನ.

ಪುಣೆಯಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ ನಮ್ಮ ಭಾಷೆಯೇ ಒಂದು ಸಲಕರಣೆ ಎಂಬುದು ನನಗೆ ಆ ಹದಿನೈದು ದಿನಗಳಲ್ಲಿ ಗೊತ್ತಾಯಿತು. ದೇಶಗತಿಗಳ, ಸಂಸ್ಥಾನಗಳ ಕಾಲದಿಂದ ಮುಂಬಯಿ ಪ್ರಾಂತದವರೆಗೆ, ಬೆಳಗಾವಿ, ಧಾರವಾಡ, ವಿಜಯಪುರದ ವಸ್ತುಗಳು ಈ ಕಡೆ ಹರಿದು ಬಂದಿವೆ. ಅವು ಮರಾಠಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ದಾಖಲಾದಾಗ ಹೆಸರು ಸವೆದು ಬರಿಯ ಸಾಮಾನ್ಯ ಪದವಾಗುತ್ತದೆ: ಗಿಂಡಿ ‘ಪಾತ್ರೆ’ಯಾಗುತ್ತದೆ, ಶಾವಿಗೆ ಒತ್ತುವ ಮಣೆ ‘ಮರದ ಯಂತ್ರ’ವಾಗುತ್ತದೆ, ಗುಳೇದಗುಡ್ಡದ ಖಣ ‘ಕುಪ್ಪಸದ ಬಟ್ಟೆ’ಯಾಗುತ್ತದೆ. ಅದನ್ನು ಬಳಸಿದವರು ಕರೆದ ಹೆಸರು ಸಿಕ್ಕ ಕೂಡಲೇ, ಅದು ಏತಕ್ಕೆ, ಯಾರ ಮನೆಯದು, ಯಾವ ಹಬ್ಬಕ್ಕೆ ಹೊರಗೆ ಬರುತ್ತಿತ್ತು ಎಂಬ ತಿಳಿವಳಿಕೆಯೂ ಹಿಂದೆಯೇ ಬರುತ್ತದೆ. 2022ರ ಆಗಸ್ಟಿನಲ್ಲಿ ಪ್ರಾಗ್ ನಗರದಲ್ಲಿ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿಯು ಒಪ್ಪಿದ ಹೊಸ ವ್ಯಾಖ್ಯೆಯಲ್ಲಿ ಸಮುದಾಯಗಳ ಸಹಭಾಗಿತ್ವದ ಮಾತಿದೆ. ದೊಡ್ಡ ಮಾತೆಂದು ಅನ್ನಿಸಬಹುದು. ನನ್ನ ಮಟ್ಟಿಗೆ ಅದು ಕೊಥ್ರೂಡಿನಲ್ಲಿರುವ ನಮ್ಮ ಬಳಗದ ಎಂಬತ್ತು ದಾಟಿದ ಅಜ್ಜಿಯೊಬ್ಬರನ್ನು ಕರೆದುಕೊಂಡು ಹೋಗಿ, ಕಪಾಟಿನ ಮುಂದೆ ಕುರ್ಚಿ ಹಾಕಿ ಕೂರಿಸಿ, ಒಂದೊಂದೇ ವಸ್ತುವನ್ನು ತೋರಿಸಿದ ಮಧ್ಯಾಹ್ನ. ನಾನು ಎಣ್ಣೆಯ ಮಿಳ್ಳಿ ಎಂದು ಬರೆದದ್ದನ್ನು ಅವರು ಕೈಗೆ ತೆಗೆದುಕೊಂಡು, ಕೂಸಿಗೆ ಹಾಲು ಕುಡಿಸುವ ಒಳಲೆ ಎಂದು ಹೇಳಿ, ಹೇಗೆ ಹಿಡಿಯುತ್ತಿದ್ದರೆಂದು ತೋರಿಸಿಕೊಟ್ಟರು. ದಾಖಲೆಯಲ್ಲಿ ಹೆಸರನ್ನು ತಿದ್ದಿದೆ, ಹಳೆಯದನ್ನು ಅಳಿಸದೆ ಪಕ್ಕದಲ್ಲೇ ಉಳಿಸಿದೆ.

ಮುಂದೆ ಆ ಪುಸ್ತಕವನ್ನು ಗಣಕಕ್ಕೆ ಏರಿಸುವ ಕೆಲಸ ಬಂದಾಗ ‘ಜತನ್’ ಎಂಬ ತಂತ್ರಾಂಶದ ಪರಿಚಯವಾಯಿತು. ಇದನ್ನು ರೂಪಿಸಿದ್ದು ಪುಣೆಯದೇ ಆದ ಸಿ-ಡ್ಯಾಕ್ ಎಂಬ ಸರ್ಕಾರಿ ಗಣಕ ಸಂಶೋಧನಾ ಸಂಸ್ಥೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಂಗ್ರಹಾಲಯಗಳ ವಸ್ತುಗಳು ಅಂತರ್ಜಾಲದಲ್ಲಿ ಒಂದೇ ತಾಣದಲ್ಲಿ ನೋಡಸಿಗುವುದು ಇದರಿಂದಲೇ. ನಮ್ಮ ಸಣ್ಣ ಸಂಗ್ರಹಕ್ಕೆ ಸಾದಾ ಕೋಷ್ಟಕವೇ ಸಾಕಾಯಿತು, ಆದರೆ ಯಾವ ಯಾವ ಅಂಕಣಗಳಿರಬೇಕು ಎಂಬುದನ್ನು ಅದನ್ನು ನೋಡಿಯೇ ಕಲಿತೆ. ಆ ಹೆಸರೂ ನನಗೆ ಬಹಳ ಇಷ್ಟ. ನಮ್ಮ ಕಡೆ ಮಗಳನ್ನು ಗಂಡನ ಮನೆಗೆ ಕಳಿಸುವಾಗ, ದೂರದೂರಿಗೆ ಹೊರಟವರ ಕೈಗೆ ಬುತ್ತಿ ಕೊಡುವಾಗ ಹೇಳುವ ಮಾತು ‘ಜತನ’. ಈ ವೃತ್ತಿಗೆ ಇದಕ್ಕಿಂತ ಒಳ್ಳೆಯ ಹೆಸರನ್ನು ನಾನು ಕಾಣೆ.

ವಸ್ತುಗಳನ್ನು ಕಾಯುವುದೆಂದರೆ ಕಳ್ಳರಿಂದ ಕಾಯುವುದೆಂದು ಹೊರಗಿನವರು ತಿಳಿಯುತ್ತಾರೆ. ಉಗ್ರಾಣದಲ್ಲಿ ನಾವು ಹೆದರುವುದು ಬೆಳಕಿಗೆ, ತೇವಕ್ಕೆ, ಹುಳುವಿಗೆ, ಒಳ್ಳೆಯ ಮನಸ್ಸಿನಿಂದ ಮಾಡಿಸಿದ ಕೆಟ್ಟ ಕಪಾಟಿಗೆ. ಪುಣೆಯ ಮಳೆಗಾಲದಲ್ಲಿ ಸಾಪೇಕ್ಷ ಆರ್ದ್ರತೆ, ಅಂದರೆ ಗಾಳಿಯ ತೇವದ ಪ್ರಮಾಣ, ಶೇಕಡಾ 65ನ್ನು ದಾಟಿ ದಿನಗಟ್ಟಲೆ ನಿಂತರೆ ಚರ್ಮದ ಮೇಲೆ, ಪುಸ್ತಕದ ಬೆನ್ನಿನ ಮೇಲೆ ಬೂಷ್ಟು ಏಳುತ್ತದೆ. ಹಾಗೆಂದು ಒಮ್ಮೆಲೇ ಒಣಗಿಸಿದರೆ ಮರ ಬಿರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆರಡು ಸಲ ಮಾಪಕವನ್ನು ನೋಡಿ ಬರೆದಿಡುವುದು ನನ್ನ ಪಾಲಿನ ಕೆಲಸವಾಗಿತ್ತು. ಪ್ಲೈವುಡ್ಡಿನ ಹೊಸ ಕಪಾಟುಗಳು ಅಂಟಿನಿಂದಲೂ ಮರದಿಂದಲೂ ಆಮ್ಲದ ಆವಿಯನ್ನು ಬಿಡುತ್ತಲೇ ಇರುತ್ತವೆ, ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಸೀಸದ ವಸ್ತುಗಳನ್ನು ಬಿಳಿಯ ಪುಡಿಯಾಗಿಸುತ್ತದೆ. ಆದ್ದರಿಂದ ಬಣ್ಣ ಬಳಿದ ಉಕ್ಕಿನ ಕಪಾಟು ಉತ್ತಮ. ಬೆಳಕಿನ ವಿಷಯದಲ್ಲಿ ಬಟ್ಟೆ, ಕಾಗದ, ನೀರ್ಬಣ್ಣದ ಚಿತ್ರಗಳಿಗೆ 50 ಲಕ್ಸ್ ಮೀರಬಾರದೆಂಬುದು ಎಲ್ಲೆಡೆ ಒಪ್ಪಿದ ರೂಢಿ; ಲಕ್ಸ್ ಎಂದರೆ ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆ. ಹತ್ತು ಗಂಟೆ 50 ಲಕ್ಸ್ ಬಿದ್ದರೂ ಐದು ಗಂಟೆ 100 ಲಕ್ಸ್ ಬಿದ್ದರೂ ಆಗುವ ಹಾನಿ ಒಂದೇ, ಹಾರಿದ ಬಣ್ಣ ಮರಳಿ ಬರುವುದಿಲ್ಲ.

ಪ್ರದರ್ಶನದ ಕೆಲಸಕ್ಕೆ ನನ್ನನ್ನು ಸೇರಿಸಿಕೊಂಡದ್ದು ಎರಡನೆಯ ವರ್ಷದಲ್ಲಿ, ಬೇರೊಂದು ಸಂಸ್ಥೆಯಲ್ಲಿ. ಅಷ್ಟರಲ್ಲಿ ನಾನು ಮುಂಬಯಿಯಲ್ಲಿ 2017ರ ನವೆಂಬರ್‌ನಲ್ಲಿ ಆರಂಭವಾದ ‘ಭಾರತ ಮತ್ತು ಜಗತ್ತು: ಒಂಬತ್ತು ಕಥೆಗಳಲ್ಲಿ ಒಂದು ಇತಿಹಾಸ’ ಎಂಬ ಪ್ರದರ್ಶನವನ್ನು ಎರಡು ಸಲ ನೋಡಿದ್ದೆ. ಬ್ರಿಟಿಷ್ ಮ್ಯೂಸಿಯಂ, ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯ ಮತ್ತು ಮುಂಬಯಿಯ ಸಂಗ್ರಹಾಲಯ ಕೂಡಿ ಮಾಡಿದ್ದ ಅದರಲ್ಲಿ ನಮ್ಮ ವಸ್ತುವಿನ ಪಕ್ಕದಲ್ಲೇ ಬೇರೆ ನಾಡಿನ ಅದೇ ಕಾಲದ ವಸ್ತುವನ್ನು ಇಟ್ಟಿದ್ದರು. ಎರಡನೆಯ ಸಲ ಹೋದಾಗ ವಸ್ತುಗಳಿಗಿಂತ ಹೆಚ್ಚಾಗಿ ಅವುಗಳನ್ನು ಹಿಡಿದಿದ್ದ ಲೋಹದ ಆಧಾರಗಳನ್ನು, ಬರಹದ ಅಕ್ಷರಗಳ ಗಾತ್ರವನ್ನು, ಜನ ಎಲ್ಲಿ ನಿಂತು ಎಲ್ಲಿ ನಿಲ್ಲದೆ ಹೋಗುತ್ತಾರೆ ಎಂಬುದನ್ನು ನೋಡಿದೆ. ಈ ವೃತ್ತಿಗೆ ಬರಬಯಸುವವರು ಯಾವ ಸಂಗ್ರಹಾಲಯವನ್ನೇ ಆಗಲಿ ಹೀಗೆ ಎರಡು ಸಲ ನೋಡಬೇಕು.

ನನ್ನ ಕೈಗೆ ಬಂದದ್ದು ವಸ್ತುವಿನ ಪಕ್ಕದ ಬರಹ. ಎಂ.ಎ. ಪ್ರಬಂಧ ಬರೆದವಳಿಗೆ ಅರವತ್ತು ಪದಗಳಲ್ಲಿ ಒಂದು ದೀಪದ ಬಗ್ಗೆ ಬರೆಯುವುದು ಎಷ್ಟು ಕಷ್ಟವೆಂದು ಗೊತ್ತಾಯಿತು. ಮೊದಲ ಕರಡಿನಲ್ಲಿ ಕಾಲ, ಶೈಲಿ, ಎರಕದ ವಿಧಾನ ಎಲ್ಲವೂ ಇತ್ತು. ಓದಿದ ಕಾವಲುಗಾರರು, ‘ಇದರಲ್ಲಿ ಎಣ್ಣೆ ಎಲ್ಲಿ ಹಾಕುತ್ತಿದ್ದರು ಎಂದೇ ಬರೆದಿಲ್ಲವಲ್ಲ’ ಎಂದರು. ನಿತ್ಯ ಜನರ ಪ್ರಶ್ನೆಗಳನ್ನು ಕೇಳುವವರು ಅವರು. ಅಂದಿನಿಂದ ನನ್ನ ಪ್ರತಿಯೊಂದು ಬರಹವನ್ನೂ ಮೊದಲು ಅವರಿಗೆ ಓದಿ ಹೇಳುವುದನ್ನು ರೂಢಿ ಮಾಡಿಕೊಂಡೆ. ಬರಹ ಕಣ್ಣಿನ ಮೊದಲ ನೋಟ ಬಿದ್ದಲ್ಲಿಂದ ಶುರುವಾಗಬೇಕು: ದೀಪದ ಮೇಲೆ ಕೂತ ಹಕ್ಕಿಯನ್ನು ಎಲ್ಲರೂ ಮೊದಲು ನೋಡುತ್ತಾರೆ, ಹಾಗಾದರೆ ಹಕ್ಕಿಯ ಹೊಟ್ಟೆಯಲ್ಲಿ ಎಣ್ಣೆ ತುಂಬುತ್ತಿದ್ದರು ಎಂಬುದೇ ಮೊದಲ ವಾಕ್ಯ. ಗೋಡೆಯ ಚಿತ್ರಗಳ ನಡುಗೆರೆ ನೆಲದಿಂದ ಸುಮಾರು 145ರಿಂದ 155 ಸೆಂಟಿಮೀಟರಿನಲ್ಲಿರಬೇಕೆಂಬ ಲೆಕ್ಕ, ಗಾಲಿ ಕುರ್ಚಿಯಲ್ಲಿ ಬರುವವರಿಗೂ ಮಕ್ಕಳಿಗೂ ಪೆಟ್ಟಿಗೆಯೊಳಗಿನದು ಕಾಣುವಂತಿರಬೇಕೆಂಬ ಎಚ್ಚರ, ಹೊಸ ಬಣ್ಣದ ವಾಸನೆ ಪೂರ್ತಿ ಹೋಗುವವರೆಗೆ ಪೆಟ್ಟಿಗೆಗೆ ವಸ್ತು ಇಡಬಾರದೆಂಬ ಹಟ, ಇವೆಲ್ಲ ಬಡಗಿಗಳ, ವಿದ್ಯುತ್ ಕೆಲಸದವರ ನಡುವೆ ನಿಂತು ಕಲಿಯುವಂಥವು. ಪ್ರಾರಂಭದ ಹಿಂದಿನ ರಾತ್ರಿ ವಸ್ತುವನ್ನು ಪೆಟ್ಟಿಗೆಗೆ ಇಳಿಸುವಾಗ ಇಬ್ಬರು ಹಿಡಿದಿರುತ್ತಾರೆ, ಮೂರನೆಯವರು ದಾರಿ ನೋಡಿ ಹೇಳುತ್ತಾರೆ, ಬೇರೆ ಯಾರೂ ಮಾತನಾಡುವುದಿಲ್ಲ.

ಓದಿನ ವಿಷಯ ಬೇಗ ಹೇಳಿಬಿಡುತ್ತೇನೆ. ಬರೋಡದ ವಿಶ್ವವಿದ್ಯಾಲಯದಲ್ಲಿ 1952ರಿಂದಲೂ ಮ್ಯೂಸಿಯಾಲಜಿ (ಸಂಗ್ರಹಾಲಯ ಶಾಸ್ತ್ರ) ವಿಭಾಗವಿದೆ, ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ ತಾನೇ ಡಿಪ್ಲೊಮಾ ನಡೆಸುತ್ತದೆ, ಅಲ್ಲಿ ಕಲಾ ಸಂರಕ್ಷಣಾ ಕೇಂದ್ರವೂ ಇದೆ, ಬೈಕುಲ್ಲಾದ ಡಾ. ಭಾವು ದಾಜಿ ಲಾಡ್ ಸಂಗ್ರಹಾಲಯ, 1872ರಲ್ಲಿ ತೆರೆದದ್ದು, ಕಟ್ಟಡವನ್ನೂ ವಸ್ತುಗಳನ್ನೂ ಒಟ್ಟಿಗೆ ಹೇಗೆ ಪುನರುದ್ಧಾರ ಮಾಡಬಹುದು ಎಂಬುದಕ್ಕೆ ನೋಡಲೇಬೇಕಾದ ಜಾಗ. ಸಂರಕ್ಷಣೆಯ ರಸಾಯನಶಾಸ್ತ್ರದ ಕಡೆ ಒಲವಿದ್ದವರಿಗೆ ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ನಮ್ಮ ಮೈಸೂರಿನಲ್ಲೇ ಇದೆ. ಆದರೆ ಪದವಿ ಕೈಯಲ್ಲಿ ಹಿಡಿದು ಬಂದವರಲ್ಲೂ ವಸ್ತುವನ್ನು ಎತ್ತುವ ಮೊದಲು ಅದನ್ನು ಎಲ್ಲಿ ಇಡುತ್ತೇನೆಂದು ನೋಡಿಕೊಳ್ಳುವವರು ಕಡಿಮೆ ಎಂಬುದನ್ನೂ ಹೇಳಬೇಕು.

ಆದ್ದರಿಂದ ಬಾಗಲಕೋಟೆಯ ಆ ಹುಡುಗಿಗೆ ಹೇಳುವುದಿಷ್ಟು. ಸಣ್ಣ ಸಂಗ್ರಹವಾದರೂ ಸರಿ, ದಾಖಲೆ ಪುಸ್ತಕವನ್ನು ಮುಟ್ಟಲು ಬಿಡುವಲ್ಲಿಗೆ ಹೋಗು. ಹೆಸರುವಾಸಿಯಾದ ದೊಡ್ಡ ಸಂಸ್ಥೆಯಲ್ಲಿ ಆರು ತಿಂಗಳು ಪ್ರೇಕ್ಷಕರಿಗೆ ಚೀಟಿ ಹಂಚುವುದಕ್ಕಿಂತ, ನೂರು ವಸ್ತುಗಳನ್ನು ಅಳೆದು, ವರ್ಣಿಸಿ, ಚಿತ್ರ ತೆಗೆದು, ಸಂಖ್ಯೆ ಕೊಟ್ಟು ಮುಗಿಸಿದ್ದು ಹೆಚ್ಚು ದೂರ ಒಯ್ಯುತ್ತದೆ. ಮುಂದೆ ಕೆಲಸ ಕೊಡುವವರು ಕೇಳುವುದೂ ಅದನ್ನೇ. ಸೇರುವ ಮೊದಲೇ ಯಾವ ಕೆಲಸ, ಯಾರ ಕೈಕೆಳಗೆ, ಗೌರವಧನ ಎಷ್ಟು ಎಂಬುದನ್ನು ಬರಹದಲ್ಲಿ ಕೇಳು, ಕೇಳುವುದು ಅವಿನಯವಲ್ಲ. ಬಿಡುವಾಗ ಮಾಡಿದ ಕೆಲಸವನ್ನು ಎಣಿಸಿ ಬರೆದ ಪತ್ರ ಪಡೆ. ನಿನ್ನ ಅಜ್ಜಿಯ ಮನೆಯ ಅಟ್ಟದಲ್ಲಿರುವ ಹತ್ತು ಸಾಮಾನುಗಳನ್ನು ಈ ದೀಪಾವಳಿ ರಜೆಯಲ್ಲೇ ವರ್ಣಿಸಿ ಬರೆ, ಹೆಸರನ್ನು ಅಜ್ಜಿಯಿಂದಲೇ ಕೇಳಿ ಬರೆ. ಚೀಟಿ ಕಂಡರೆ ನೀರು ತಾಕಿಸಬೇಡ.

ಆ ಸೇರಿನ ಕಾರ್ಡನ್ನು ನಾನೇ ಬರೆದೆ. ‘ಮೂಲ ಸ್ಥಳ’ ಎಂಬ ಅಂಕಣದಲ್ಲಿ, ಅಡಿಯಲ್ಲಿ ಮೋಡಿ ಬರಹದ ಎರಡು ಸಾಲಿನ ಚೀಟಿ ಇತ್ತೆಂದೂ, ಓದುವ ಮೊದಲೇ ಸ್ವಚ್ಛಗೊಳಿಸುವಾಗ ನಾಶವಾಯಿತೆಂದೂ, ತಾರೀಖು ಹಾಕಿ, ಕೆಳಗೆ ನನ್ನ ಹೆಸರು ಬರೆದಿದ್ದೇನೆ. ಈಗ ಆ ಸಂಗ್ರಹದವರು ನನ್ನನ್ನು ತಿಂಗಳಿಗೆರಡು ಶನಿವಾರ ಕರೆಯುತ್ತಾರೆ, ಸಂಭಾವನೆಯನ್ನೂ ಕೊಡುತ್ತಾರೆ. ಹಿತ್ತಾಳೆಯ ಕಪಾಟಿನ ಕೆಳಗಿನ ಎರಡು ಖಾನೆಗಳು ಇನ್ನೂ ಉಳಿದಿವೆ. ಅಲ್ಲಿನ ಇನ್ನೊಂದು ಸೇರಿನ ಅಡಿಯಲ್ಲಿ ಅದೇ ಬಗೆಯ ಚೀಟಿಯ ತುಂಡೊಂದಿದ್ದು, ಅದರ ಮೇಲೆ ಉಳಿದಿರುವ ಮೂರು ಅಕ್ಷರಗಳಲ್ಲಿ ಎರಡನ್ನು ಓದಿದ್ದೇನೆ. ಮೂರನೆಯದಕ್ಕಾಗಿ ಓರೆ ಬೆಳಕಿನಲ್ಲಿ ಚಿತ್ರ ತೆಗೆಯಬೇಕಿದೆ, ಮಳೆ ಹಿಡಿಯುವುದರೊಳಗೆ.